ಅರ್ಜಿಯ ಮೇಲಿನ ಹೆಸರು

ಅರ್ಜಿ ಬರೆಯುವ ವಿದ್ಯೆಯಲ್ಲಿ ನನ್ನಷ್ಟು ಪಳಗಿದ ವೈದ್ಯರು ಹೆಚ್ಚು ಮಂದಿ ಇರಲಾರರು. 1974ರ ಚಳಿಗಾಲದಲ್ಲಿ ಉತ್ತರ ಇಂಗ್ಲೆಂಡಿನ ಒಂದು ಗಿರಣಿ ಪಟ್ಟಣದ ಆಸ್ಪತ್ರೆಯ ವಸತಿಗೃಹದಲ್ಲಿ, ರಾತ್ರಿಯ ವಾರ್ಡು ಸುತ್ತಿ ಬಂದಮೇಲೆ, ಅಗ್ಗಿಷ್ಟಿಕೆಯ ಮುಂದೆ ಕುಳಿತು ನಾನು ಬರೆದ ಅರ್ಜಿಗಳು 60ಕ್ಕೆ ಕಡಮೆಯಿಲ್ಲ. ಹೃದ್ರೋಗ ವಿಭಾಗದಲ್ಲಿ ರಿಜಿಸ್ಟ್ರಾರ್ ಹುದ್ದೆ ಸಿಕ್ಕೀತೆಂಬ ಆಸೆ. ಮೈಸೂರು ವೈದ್ಯಕೀಯ ಕಾಲೇಜಿನ ಎಂ.ಬಿ.ಬಿ.ಎಸ್. ಆಗಿತ್ತು, ಇಂಗ್ಲೆಂಡಿಗೆ ಬಂದು ಎರಡು ವರ್ಷ ತುಂಬುವುದರೊಳಗೆ ಎಂ.ಆರ್.ಸಿ.ಪಿ. ಪರೀಕ್ಷೆಯೂ ಮುಗಿದಿತ್ತು. ಪಕ್ಕದ ಕೋಣೆಯ ಇಂಗ್ಲಿಷ್ ತರುಣನಿಗೆ ಅದೇ ಪರೀಕ್ಷೆಯ ಮೊದಲ ಭಾಗ ಮಾತ್ರ ಆಗಿತ್ತು. ಅವನು ಹಾಕಿದ ಅರ್ಜಿ ನಾಲ್ಕು, ಬಂದ ಸಂದರ್ಶನದ ಕರೆ ಮೂರು. ಒಳ್ಳೆಯ ಹುಡುಗ. ನನ್ನ ಪಾಡು ನೋಡಲಾರದೆ ಒಂದು ರಾತ್ರಿ ನನ್ನ ಅರ್ಜಿಯ ಪ್ರತಿಯನ್ನು ಇಸಿದುಕೊಂಡು, ಎಲ್ಲಿ ತಪ್ಪಿದೆಯೆಂದು ದೀಪದ ಕೆಳಗೆ ಹಿಡಿದು ಓದಿದ. ಒಂದು ಕಡೆ ಅಲ್ಪವಿರಾಮ ಹೆಚ್ಚಾಗಿದೆಯೆಂದು ತಿದ್ದಿಕೊಟ್ಟ. ಹೆಸರಿನ ಕಡೆಗೆ ಅವನ ಕಣ್ಣು ಹೋಗಲಿಲ್ಲ. ನಿಜ ಹೇಳಬೇಕೆಂದರೆ ನನ್ನ ಕಣ್ಣೂ ಆಗ ಅಲ್ಲಿಗೆ ಹೋಗಿರಲಿಲ್ಲ.

ಈ ಹೆಸರಿನ ಕಥೆಯನ್ನು ಸ್ವಲ್ಪ ಹೇಳಬೇಕು. ನಮ್ಮ ಕಡೆಯ ಹೆಸರುಗಳಲ್ಲಿ ಊರು ಮೊದಲು, ತಂದೆ ಅನಂತರ, ತಾನು ಕೊನೆಗೆ. ಹೊನ್ನವಳ್ಳಿ ಸಿದ್ದಪ್ಪ ಗಂಗಾಧರಯ್ಯ. ಇಂಗ್ಲಿಷರ ನಮೂನೆಯಲ್ಲಿ ಕ್ರೈಸ್ತನಾಮಕ್ಕೆ ಒಂದು ಮನೆ, ಕುಲನಾಮಕ್ಕೆ ಇನ್ನೊಂದು ಮನೆ. ನಮ್ಮ ಹೆಸರು ಈ ಎರಡರಲ್ಲಿಯೂ ಬಾಡಿಗೆಗೆ ಕೂಡ ನೆಲೆಯಾಗುವಂಥದಲ್ಲ. ಗುಮಾಸ್ತರು ತಮಗೆ ತೋಚಿದಂತೆ ತುಂಬಿಕೊಂಡರು. ವಾರ್ಡಿನಲ್ಲಿ ನಾನು ‘ಡಾಕ್ಟರ್ ಗ್ಯಾಂಗ್’ ಆದೆ. ಅರ್ಜಿಯನ್ನು ಪರಿಗಣಿಸಲಾಗಲಿಲ್ಲವೆಂಬ ಪತ್ರಗಳು ಮಾತ್ರ ‘ಡಾಕ್ಟರ್ ಸಿದ್ದಪ್ಪ’ನವರ ವಿಳಾಸಕ್ಕೆ ಬರುತ್ತಿದ್ದವು. ಹೊನ್ನವಳ್ಳಿಯಲ್ಲಿ ತೆಂಗಿನ ತೋಟ ನೋಡಿಕೊಂಡು, ತಿಪಟೂರು ದಾಟಿ ಹೋಗಲು ಬೇಸರಪಡುತ್ತಿದ್ದ ನಮ್ಮ ತಂದೆಯವರಿಗೆ ಹೀಗೆ ಇಂಗ್ಲೆಂಡಿನಲ್ಲಿ 30ಕ್ಕೂ ಮೇಲ್ಪಟ್ಟು ಕೆಲಸಗಳು ಕೈತಪ್ಪಿದವು.

ನೀವು ಅಲ್ಲಿಗೆ ಹೋದದ್ದಾದರೂ ಏಕೆ, ಕರೆಯದ ಮನೆಗೆ ಊಟಕ್ಕೆ ಹೋದವನಿಗೆ ಮಣೆ ಹಾಕಲಿಲ್ಲವೆಂದು ಕೊರಗಬಹುದೇ ಎಂದು ಕೆಲವರು ನನ್ನನ್ನು ಕೇಳಿದ್ದುಂಟು. ನಾವು ಕರೆಯದ ಅತಿಥಿಗಳಾಗಿರಲಿಲ್ಲ. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದದ್ದು 1948ರ ಜುಲೈ 5ರಂದು. ಬಡವ ಬಲ್ಲಿದನೆನ್ನದೆ ಪ್ರತಿಯೊಬ್ಬನಿಗೂ ಚಿಕಿತ್ಸೆ ದೊರೆಯಬೇಕೆಂಬುದು ಅದರ ಸಂಕಲ್ಪ. ಆ ಸಂಕಲ್ಪದ ಬಗೆಗೆ ನನಗೆ ಇಂದಿಗೂ ಗೌರವವಿದೆ. ಆದರೆ ಅದಕ್ಕೆ ಬೇಕಾದಷ್ಟು ವೈದ್ಯರು ಆ ದೇಶದಲ್ಲಿರಲಿಲ್ಲ. ಇದ್ದವರಲ್ಲಿಯೂ ಹಲವರು ಕೆನಡಾಕ್ಕೋ ಆಸ್ಟ್ರೇಲಿಯಕ್ಕೋ ಹಡಗು ಹತ್ತುತ್ತಿದ್ದರು. 1961ರಲ್ಲಿ ಲಾರ್ಡ್ಸ್ ಸಭೆಯಲ್ಲಿ ಲಾರ್ಡ್ ಕೋಹೆನ್ ಎಂಬ ಹಿರಿಯ ವೈದ್ಯರು, ಭಾರತ ಪಾಕಿಸ್ತಾನಗಳಂಥ ದೇಶಗಳಿಂದ ಕಿರಿಯ ವೈದ್ಯರು ಬಾರದೆ ಹೋಗಿದ್ದರೆ ಈ ಸೇವೆ ಕುಸಿದುಬೀಳುತ್ತಿತ್ತೆಂದು ಮುಚ್ಚುಮರೆಯಿಲ್ಲದೆ ಹೇಳಿದರು. ಆಗ ಆರೋಗ್ಯ ಸಚಿವರಾಗಿದ್ದವರು ಇನಾಕ್ ಪೊವೆಲ್. ವಲಸಿಗರಿಂದ ದೇಶಕ್ಕೆ ವಿಪತ್ತು ಕಾದಿದೆಯೆಂದು 1968ರ ಏಪ್ರಿಲ್ 20ರಂದು ಬರ್ಮಿಂಗ್‌ಹ್ಯಾಮಿನಲ್ಲಿ ಭಾಷಣ ಮಾಡಿ ಹೆಸರಾದವರೂ ಅವರೇ. ಆ ಭಾಷಣದಲ್ಲಿ ಒಂದು ಮಾತಿದೆ. ಹೆಚ್ಚಿನವರು ಅದನ್ನು ಗಮನಿಸಿಲ್ಲ. ಕಾಮನ್‌ವೆಲ್ತ್ ದೇಶಗಳ ವೈದ್ಯರನ್ನು ಅವರು ತಮ್ಮ ಆಕ್ಷೇಪಣೆಯಿಂದ ಹೊರಗಿಟ್ಟರು. ಇವರು ವಿದ್ಯೆಯನ್ನು ಹೆಚ್ಚಿಸಿಕೊಳ್ಳಲು ಬಂದವರು, ಇವರು ವಲಸಿಗರೇ ಅಲ್ಲ ಎಂಬುದು ಅವರ ವಾದ. ಕೇಳಲು ಇದು ಮರ್ಯಾದೆಯ ಮಾತು. ನಮ್ಮ ಬಾಳಿನಲ್ಲಿ ಅದರ ಅರ್ಥ ಬೇರೆಯಾಯಿತು. ಕಲಿಯಲು ಬಂದವನು ಎಂದಾದರೂ ಹೊರಟುಹೋಗುವವನು. ಅವನಿಗೆ ರಾತ್ರಿಯ ಪಾಳಿ ಕೊಟ್ಟರೆ ಸಾಕು, ಮೇಲಿನ ಮೆಟ್ಟಿಲು ಏಕೆ?

ಆ ಬಾಗಿಲು ಹಿಂದೆಯೂ ತೆರೆದು ಮುಚ್ಚಿಕೊಳ್ಳುತ್ತಿತ್ತು. 1930ರಲ್ಲಿ ಲಂಡನ್ನಿನ ಜನರಲ್ ಮೆಡಿಕಲ್ ಕೌನ್ಸಿಲ್ ಭಾರತದ ವೈದ್ಯಪದವಿಗಳಿಗೆ ಮಾನ್ಯತೆಯನ್ನು ನಿಲ್ಲಿಸಿಬಿಟ್ಟಿತು. ನಮ್ಮಲ್ಲಿ 1933ರ ಭಾರತೀಯ ವೈದ್ಯ ಪರಿಷತ್ತಿನ ಕಾನೂನು ಹುಟ್ಟಿದ್ದಕ್ಕೆ ಆ ಅಪಮಾನವೂ ಒಂದು ಕಾರಣ. ಮುಂದೆ ಮಾನ್ಯತೆ ಮರಳಿ ಬಂದಿತು. 1975ರಲ್ಲಿ ಮತ್ತೆ ಹೋಯಿತು. ಅಂದಿನಿಂದ ನಮ್ಮವರು ಭಾಷೆಯ ಪರೀಕ್ಷೆ, ವಿಷಯದ ಪರೀಕ್ಷೆ ಎರಡನ್ನೂ ದಾಟಿಯೇ ಒಳಗೆ ಹೋಗಬೇಕಾಯಿತು. ನಾನು ಅದಕ್ಕೆ ಮೊದಲೇ ಹೋದವನು. ಪರೀಕ್ಷೆ ಇರಕೂಡದೆಂದು ನಾನು ಹೇಳುವವನೂ ಅಲ್ಲ. ರೋಗಿಯ ಮಾತು ತಿಳಿಯದ ವೈದ್ಯ ಯಾರಿಗೂ ಬೇಡ.

ವರ್ಣಭೇದವೆಂದೊಡನೆ ಕೇಳುವವರ ಕಣ್ಣಿಗೆ ಕಟ್ಟುವ ಚಿತ್ರವೊಂದಿದೆ. ಹಾಸಿಗೆಯಲ್ಲಿ ಮಲಗಿದ ರೋಗಿ ಕೈಕೊಸರಿ, ಬಿಳಿಯ ವೈದ್ಯರನ್ನೇ ಕರೆತನ್ನಿ ಎಂದು ಹಟಹಿಡಿಯುವುದು. ಅದೂ ಆಗಿದೆ, ಇಲ್ಲವೆನ್ನಲಾರೆ. ಹತ್ತಿಗಿರಣಿಯಲ್ಲಿ ಬೆನ್ನು ಬಾಗುವಷ್ಟು ಕಾಲ ದುಡಿದ ಮುದುಕಿಯೊಬ್ಬಳು ನಾನು ನಾಡಿ ಹಿಡಿದಾಗ ಕೈ ಎಳೆದುಕೊಂಡು, ನಿಜವಾದ ಡಾಕ್ಟರು ಎಷ್ಟು ಗಂಟೆಗೆ ಬರುತ್ತಾರೆಂದು ಸಿಸ್ಟರನ್ನು ಕೇಳಿದಳು. ನಾಲ್ಕನೆಯ ದಿನ ದಿಂಬಿನ ಕೆಳಗಿನಿಂದ ಒಂದು ಪೆಪ್ಪರ್‌ಮೆಂಟು ತೆಗೆದು ನನ್ನ ಅಂಗೈಯಲ್ಲಿಟ್ಟಳು. ಅವಳ ಕ್ಷಮಾಪಣೆ ಅದೆಂದು ತಿಳಿದುಕೊಂಡೆ. ಇಂಥದಕ್ಕೆ ಸಾಕ್ಷಿಗಳಿರುತ್ತಾರೆ, ಸಿಸ್ಟರು ಗದರುತ್ತಾರೆ, ಮನಸ್ಸು ನೋಯುತ್ತದೆ, ಆರುತ್ತದೆ. ತುರ್ತಿಲ್ಲದ ರೋಗಿ ವರ್ಣದ್ವೇಷ ತೋರಿದರೆ ಚಿಕಿತ್ಸೆ ನಿರಾಕರಿಸಬಹುದೆಂದು 2020ರಲ್ಲಿ ಅಲ್ಲಿ ನಿಯಮವೂ ಆಯಿತು. ನಾನು ಹೇಳಲು ಹೊರಟಿರುವುದು ಸದ್ದಿಲ್ಲದ ಇನ್ನೊಂದು ಬಗೆಯನ್ನು. 1968ರ ಕಾಯಿದೆ ನೌಕರಿಯಲ್ಲಿ ವರ್ಣಭೇದ ಮಾಡುವುದನ್ನು ನಿಷೇಧಿಸಿತ್ತು. ಆದ್ದರಿಂದ ಯಾರೂ ಬಾಯಿಬಿಟ್ಟು ಏನನ್ನೂ ಹೇಳುತ್ತಿರಲಿಲ್ಲ. ಅರ್ಜಿಗಳ ಕಂತೆಯಲ್ಲಿ ಒಂದು ಎಡಗಡೆಗೆ, ಒಂದು ಬಲಗಡೆಗೆ ಹೋಗುತ್ತಿತ್ತು, ಅಷ್ಟೆ.

ನನ್ನ ಮೇಲಿನ ಹೃದ್ರೋಗ ತಜ್ಞರು ಸಜ್ಜನರು. ಒಂದು ದಿನ ಚಹಾ ಕುಡಿಯುತ್ತ, “ನೀವೇಕೆ ವೃದ್ಧರ ವಿಭಾಗಕ್ಕೆ ಪ್ರಯತ್ನಿಸಬಾರದು? ನಿಮ್ಮ ಜನ ಹಿರಿಯರನ್ನು ಬಹಳ ಆದರದಿಂದ ನೋಡಿಕೊಳ್ಳುತ್ತಾರಲ್ಲವೇ?” ಎಂದರು. ಹೊಗಳಿದಂತೆಯೂ ಇತ್ತು, ಬಾಗಿಲು ತೋರಿಸಿದಂತೆಯೂ ಇತ್ತು. ಅದೇ ಮಾತನ್ನು ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆ ತಜ್ಞರು ನಮ್ಮ ಎಷ್ಟೋ ಮಂದಿಗೆ ಹೇಳಿದ್ದರೆಂಬುದು ನನಗೆ ತಿಳಿದದ್ದು ಬಹಳ ಕಾಲದ ಮೇಲೆ. ಅಲ್ಲಿನ ಕನ್ನಡ ಬಳಗ 1983ರಲ್ಲಿ ಹುಟ್ಟಿತು. ಯುಗಾದಿಗೋ ದೀಪಾವಳಿಗೋ ಒಂದು ಬಾಡಿಗೆ ಸಭಾಂಗಣದಲ್ಲಿ ಸೇರುತ್ತಿದ್ದೆವು; ಪುಳಿಯೋಗರೆ ಬಡಿಸುವವರಲ್ಲಿ ಬಹುಪಾಲು ವೈದ್ಯರೇ. ನೀವು ಯಾವ ವಿಭಾಗ ಎಂದು ಕೇಳಿದರೆ ಮನೋರೋಗ, ವೃದ್ಧರೋಗ, ಅರಿವಳಿಕೆ, ಇಲ್ಲವೇ ಗಣಿ ಊರಿನಲ್ಲಿ ಜನರಲ್ ಪ್ರಾಕ್ಟೀಸು. ಹೃದಯ, ಮೆದುಳು, ಲಂಡನ್ನಿನ ದೊಡ್ಡ ಬೋಧನಾ ಆಸ್ಪತ್ರೆ ಎನ್ನುವವರು ಎಲ್ಲೋ ಒಬ್ಬರು. ಎಲ್ಲರಿಗೂ ಒಂದೇ ಅಭಿರುಚಿ ಹೇಗೆ ಹುಟ್ಟಿತೆಂದು ಆಗ ನಾವು ಯೋಚಿಸಲಿಲ್ಲ. ಪುಳಿಯೋಗರೆ ಚೆನ್ನಾಗಿತ್ತು.

ಆ ವೃದ್ಧರ ವಾರ್ಡುಗಳು ಎಂಥವೆಂದು ಸಾಹಿತ್ಯಾಸಕ್ತರಿಗೆ ತಿಳಿಸುವುದು ಸುಲಭ. ಡಿಕನ್ಸನ ಆಲಿವರ್ ಟ್ವಿಸ್ಟ್ ಹುಟ್ಟಿದ ದರಿದ್ರಾಲಯವನ್ನು ನೆನೆದುಕೊಳ್ಳಿ. ದಿಕ್ಕಿಲ್ಲದ ಬಡವರನ್ನು ಕೂಡಿಹಾಕಿ ದುಡಿಸುತ್ತಿದ್ದ ಆ ವರ್ಕ್‌ಹೌಸುಗಳ ಕಟ್ಟಡಗಳಲ್ಲಿ ಎಷ್ಟೋ 1948ರ ಅನಂತರ ಆಸ್ಪತ್ರೆಗಳಾದವು. ಅವುಗಳ ಉದ್ದನೆಯ ಕೊಠಡಿಗಳಲ್ಲಿ ಮುದುಕರ ಹಾಸಿಗೆಗಳು ಸಾಲಾಗಿ ನಿಂತವು. ನಾನು ಕೆಲಸ ಮಾಡಿದ ಊರಿನಲ್ಲಿ ಆ ಕಟ್ಟಡದ ಹೆಸರೆತ್ತಿದರೆ ಹಿರಿಯರು ಅಳುತ್ತಿದ್ದರು. ಅಲ್ಲಿಗೆ ಹೋದವರು ಮರಳುವುದಿಲ್ಲವೆಂಬುದು ಅವರಿಗೆ ಬಾಲ್ಯದಿಂದ ಗೊತ್ತು. ಊರಿನ ಹೊರಗಿನ ಕೇರಿಯೆಂದರೆ ನಮ್ಮ ಓದುಗರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ವೈದ್ಯವಿದ್ಯೆಗೂ ಅಂಥದೊಂದು ಕೇರಿ ಇತ್ತು. ಇಂಗ್ಲಿಷ್ ಪದವೀಧರರು ಅತ್ತ ಸುಳಿಯುತ್ತಿರಲಿಲ್ಲ. ನಮ್ಮನ್ನು ಅಲ್ಲಿಗೆ ದಾರಿಮಾಡಿ ಕಳುಹಿಸಲಾಯಿತು.

ಆದರೆ ಇದೇ ಕೇರಿಯಲ್ಲಿ ದೊಡ್ಡವರೊಬ್ಬರು ನಡೆದಾಡಿದ್ದರು. ಮಾರ್ಜರಿ ವಾರೆನ್ ಎಂಬ ವೈದ್ಯೆ 1935ರಲ್ಲಿ ಲಂಡನ್ನಿನ ಪಶ್ಚಿಮದ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಇಂಥದೊಂದು ದರಿದ್ರಾಲಯದ 700ಕ್ಕೂ ಹೆಚ್ಚು ರೋಗಿಗಳ ಹೊಣೆ ಹೊತ್ತರು. ವರ್ಷಗಟ್ಟಲೆ ಹಾಸಿಗೆಯಲ್ಲೇ ಬಿದ್ದಿದ್ದವರನ್ನು ಒಬ್ಬೊಬ್ಬರನ್ನಾಗಿ ಪರೀಕ್ಷಿಸಿ, ಎದ್ದು ಕೂರಿಸಿ, ನಡೆಸಿ, ಹಲವರನ್ನು ಮನೆಗೆ ಕಳುಹಿಸಿದರು. ವೃದ್ಧರ ವೈದ್ಯಕ್ಕೆ ಅಡಿಗಲ್ಲು ಬಿದ್ದದ್ದು ಹೀಗೆ. ಒಲ್ಲದ ಮನಸ್ಸಿನಿಂದ ಹೋದ ನಾನು ಅಲ್ಲಿಯೇ ಉಳಿದೆ. ಪಾರ್ಶ್ವವಾಯು ಬಡಿದ ಗಣಿಕಾರ್ಮಿಕನೊಬ್ಬ ಮೂರು ತಿಂಗಳ ಮೇಲೆ ಯಾರ ಹೆಗಲೂ ಹಿಡಿಯದೆ ಬಚ್ಚಲಿಗೆ ನಡೆದುಹೋದದ್ದನ್ನು ನೋಡಿದ ದಿನ, ಹೃದ್ರೋಗ ವಿಭಾಗದ ಚಿಂತೆ ನನಗೆ ಮರೆತುಹೋಯಿತು. ನಾನು ಆ ಕೆಲಸವನ್ನು ಪ್ರೀತಿಸಿದೆ. ಪ್ರೀತಿಸಿದೆನೆಂಬ ಕಾರಣಕ್ಕೆ ನನ್ನನ್ನು ಅಲ್ಲಿಗೆ ತಳ್ಳಿದ ಕೈ ನ್ಯಾಯದ ಕೈ ಆಗುವುದಿಲ್ಲ. ಈ ಎರಡು ಮಾತನ್ನೂ ಒಟ್ಟಿಗೆ ಹೇಳಲು ನನಗೆ ಬಹಳ ವರ್ಷ ಹಿಡಿಯಿತು.

ವೇಲ್ಸಿನ ಗ್ಲಿನ್‌ಕೊರಗ್ ಎಂಬ ಗಣಿಹಳ್ಳಿಯ ವೈದ್ಯ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ ಒಂದು ಪ್ರಸಿದ್ಧ ಲೇಖನ ಬರೆದರು. ಆರೈಕೆ ಎಲ್ಲಿ ಹೆಚ್ಚು ಬೇಕೋ ಅಲ್ಲಿ ಅದು ಕಡಮೆ ದೊರೆಯುತ್ತದೆ ಎಂಬುದು ಅದರ ಸಾರ. ಅಂಥ ಕಣಿವೆಗಳಲ್ಲಿ ಕಲ್ಲಿದ್ದಲ ಧೂಳಿನಿಂದ ಉಬ್ಬಸಪಡುವವರ ಎದೆಗೆ ಸ್ಟೆತಸ್ಕೋಪು ಹಿಡಿದವರಲ್ಲಿ ಅನೇಕರು ಭಾರತ, ಪಾಕಿಸ್ತಾನಗಳವರು. ಒಂದು ದೇಶ ತನ್ನ ವೈದ್ಯರಲ್ಲಿ ಯಾರನ್ನು ಹಿಂದಿನ ಸಾಲಿಗೆ ಕಳುಹಿಸುತ್ತದೆ, ತನ್ನ ರೋಗಿಗಳಲ್ಲಿ ಯಾರನ್ನು ಹಿಂದಿನ ಸಾಲಿನಲ್ಲಿ ಕೂರಿಸುತ್ತದೆ ಎಂಬ ಎರಡು ಲೆಕ್ಕಗಳೂ ಅಲ್ಲಿ ಒಂದೇ ಕಡೆ ಕೂಡುತ್ತಿದ್ದವು.

ಇವೆಲ್ಲ ನಿಮ್ಮ ಊಹೆ, ಸೋತವನ ಸಮಾಧಾನ ಎಂದು ಹೇಳುವವರಿಗೆ ಬಹುಕಾಲ ನಮ್ಮಲ್ಲಿ ಉತ್ತರವಿರಲಿಲ್ಲ. ನಮ್ಮ ಇಂಗ್ಲಿಷ್ ಸರಿಯಿಲ್ಲ, ನಮ್ಮ ಪದವಿ ಬೇರೆ ದೇಶದ್ದು, ಉಚ್ಚಾರಣೆ ತಿಳಿಯುವುದಿಲ್ಲ ಎಂದು ಕಾರಣಗಳು ಸಾಲಾಗಿ ನಿಂತಿರುತ್ತಿದ್ದವು. ಆಗ ಅನೀಸ್ ಇಸ್ಮಾಯಿಲ್, ಸ್ಯಾಮ್ ಎವರಿಂಗ್‌ಟನ್ ಎಂಬ ಇಬ್ಬರು ವೈದ್ಯರು ಒಂದು ಸರಳವಾದ ಉಪಾಯ ಹೂಡಿದರು. ಬ್ರಿಟನ್ನಿನಲ್ಲಿಯೇ ಓದಿದ, ಒಂದೇ ಯೋಗ್ಯತೆಯ, ಕಲ್ಪಿತ ಅಭ್ಯರ್ಥಿಗಳನ್ನು ಸೃಷ್ಟಿಸಿ, ಕೆಲವರಿಗೆ ಇಂಗ್ಲಿಷ್ ಹೆಸರು, ಕೆಲವರಿಗೆ ಏಷ್ಯದ ಹೆಸರು ಕೊಟ್ಟು, ಜಾಹೀರಾತಾದ ಹುದ್ದೆಗಳಿಗೆ ಅರ್ಜಿ ಕಳುಹಿಸಿದರು. ಅವರ ವರದಿ 1993ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಅಚ್ಚಾಯಿತು. ಇಂಗ್ಲಿಷ್ ಹೆಸರಿಗೆ ಸಂದರ್ಶನದ ಕರೆ ಬರುವ ಸಂಭವ ಹೆಚ್ಚುಕಡಮೆ ಇಮ್ಮಡಿ. ಇಷ್ಟರ ನಡುವೆ ಪೊಲೀಸರು ಬಂದು, ಸುಳ್ಳು ಅರ್ಜಿ ಹಾಕಿದ ವಂಚನೆಯ ಆರೋಪದ ಮೇಲೆ ಆ ವೈದ್ಯರಿಬ್ಬರನ್ನೂ ಬಂಧಿಸಿದರು. ಮೊಕದ್ದಮೆ ಮುಂದುವರಿಯಲಿಲ್ಲ. ಕನ್ನಡಿ ಹಿಡಿದವನನ್ನು ಹಿಡಿದುಕೊಂಡು ಹೋದರೆಂದು ನಮ್ಮ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಯಾರೋ ಅಂದರು.

ಅದಕ್ಕಿಂತ ವಿಚಿತ್ರವಾದದ್ದು ಲಂಡನ್ನಿನ ಸೇಂಟ್ ಜಾರ್ಜ್ಸ್ ವೈದ್ಯಕೀಯ ಶಾಲೆಯ ಪ್ರಸಂಗ. ವಿದ್ಯಾರ್ಥಿಗಳಾಗಲು ಬರುವ ಅರ್ಜಿಗಳನ್ನು ಮೊದಲ ಸುತ್ತಿನಲ್ಲಿ ಜರಡಿಹಿಡಿಯುವ ಕೆಲಸವನ್ನು ಅಲ್ಲಿ 1979ರಿಂದ ಮೊದಲಾಗಿ ಕ್ರಮೇಣ ಕಂಪ್ಯೂಟರಿಗೆ ವಹಿಸಿದರು. ಮನುಷ್ಯರ ಚಪಲಚಿತ್ತ ತಪ್ಪಿ ಸಮನಾದ ತೀರ್ಪು ಬರಲೆಂಬುದೂ ಅದರ ಉದ್ದೇಶ. ಹಿಂದಿನ ವರ್ಷಗಳಲ್ಲಿ ಆಯ್ಕೆಗಾರರು ಯಾರನ್ನು ಆರಿಸಿದ್ದರೋ ಅದಕ್ಕೆ ತಾಳೆಯಾಗುವವರೆಗೆ ಲೆಕ್ಕವನ್ನು ತಿದ್ದಿದರು. ಯಂತ್ರ ಒಳ್ಳೆಯ ಶಿಷ್ಯ. ನೂರಕ್ಕೆ 90ಕ್ಕೂ ಮೇಲ್ಪಟ್ಟು ಗುರುಗಳಂತೆಯೇ ತೀರ್ಪು ಕೊಟ್ಟಿತು. ಹೆಸರು, ಹುಟ್ಟಿದ ಊರು ನೋಡಿ ಇವನು ಐರೋಪ್ಯನಲ್ಲವೆಂದು ಕಂಡರೆ ಅಂಕ ಕಳೆಯಿತು. ಹೆಂಗಸಾದರೂ ಕಳೆಯಿತು, ಸ್ವಲ್ಪ ಕಡಮೆ. ಅಲ್ಲಿನ ಇಬ್ಬರು ಉಪನ್ಯಾಸಕರು 1986ರಲ್ಲಿ ಇದನ್ನು ಜನಾಂಗ ಸಮಾನತೆಯ ಆಯೋಗದ ಗಮನಕ್ಕೆ ತಂದರು; ಆಯೋಗದ ವರದಿ 1988ರಲ್ಲಿ ಹೊರಬಂದಿತು. ವರ್ಷಕ್ಕೆ 60 ಮಂದಿಗಾದರೂ ಈ ಕಾರಣದಿಂದ ಸಂದರ್ಶನ ತಪ್ಪಿರಬಹುದೆಂದು ಅಂದಾಜು.

ಇದರಲ್ಲಿ ನನ್ನನ್ನು ಇಂದಿಗೂ ಕಾಡುವ ಅಂಶವೆಂದರೆ, ಐರೋಪ್ಯರಲ್ಲದ ವಿದ್ಯಾರ್ಥಿಗಳ ಸಂಖ್ಯೆ ಆ ಶಾಲೆಯಲ್ಲಿ ಲಂಡನ್ನಿನ ಬಹುತೇಕ ಇತರ ಶಾಲೆಗಳಿಗಿಂತ ಹೆಚ್ಚಾಗಿಯೇ ಇತ್ತು. ಸಿಕ್ಕಿಬಿದ್ದದ್ದು ಅದೊಂದೇ. ಅಲ್ಲಿ ಪಕ್ಷಪಾತವನ್ನು ಅಂಕಿಗಳಲ್ಲಿ ಬರೆದಿಟ್ಟಿದ್ದರು, ಬಿಚ್ಚಿ ಓದಬಹುದಾಗಿತ್ತು. ಬೇರೆಡೆ ಅದು ಸಭ್ಯರ ತಲೆಯೊಳಗಿತ್ತು.

ಸಭ್ಯರ ತಲೆ ಎಂದೆ. ಅದರಲ್ಲಿ ನನ್ನದೂ ಒಂದು. 1989ರ ಹೊತ್ತಿಗೆ ನಾನೂ ಕನ್ಸಲ್ಟೆಂಟ್ ಆಗಿದ್ದೆ. ಕಿರಿಯ ವೈದ್ಯರ ನೇಮಕಕ್ಕಾಗಿ ಬಂದ 40 ಅರ್ಜಿಗಳ ಕಂತೆ ನನ್ನ ಮೇಜಿಗೆ ಬಂದಿತ್ತು. ಎಂಟು ಮಂದಿಯನ್ನು ಸಂದರ್ಶನಕ್ಕೆ ಆರಿಸಬೇಕು. ಏಳು ಅರ್ಜಿ ತೆಗೆದಿಟ್ಟಿದ್ದೆ, ಅವುಗಳಲ್ಲಿ ಮೂರು ಭಾರತೀಯರವು. ಎಂಟನೆಯದಾಗಿ ಕೈಗೆ ಬಂದದ್ದು ದಾವಣಗೆರೆಯ ಕಡೆಯ ಹುಡುಗನ ಅರ್ಜಿ. ಊರಿನ ಹೆಸರು, ತಂದೆಯ ಹೆಸರು, ತನ್ನ ಹೆಸರು, ಎಲ್ಲ ನನ್ನದರಂತೆಯೇ ಮನೆ ತಪ್ಪಿ ಕುಳಿತಿದ್ದವು. ಯೋಗ್ಯತೆಯಲ್ಲಿ ಅವನು ಆ ಏಳರಲ್ಲಿ ಇಬ್ಬರಿಗಿಂತ ಮೇಲು. ನಾಲ್ವರು ಭಾರತೀಯರೆಂದರೆ ‘ಗ್ಯಾಂಗ್ ತನ್ನವರನ್ನೇ ತುಂಬಿಕೊಳ್ಳುತ್ತಾನೆ’ ಎಂದು ಉಳಿದ ಇಬ್ಬರು ಸದಸ್ಯರು ಅಂದುಕೊಂಡಾರೆಂಬ ಯೋಚನೆ ಬಂದಿತು. ಯಾರೂ ಹಾಗೆ ಅಂದಿರಲಿಲ್ಲ. ಅರ್ಜಿಯನ್ನು ಎಡಗಡೆಗೆ ಇಟ್ಟೆ. ಪರಿಗಣಿಸಲಾಗಲಿಲ್ಲವೆಂಬ ಪತ್ರ ನನ್ನ ಸಹಿಯಲ್ಲಿಯೇ ಹೋಯಿತು. ಈ ಮಾತನ್ನು ನಾನು ಈವರೆಗೆ ನನ್ನ ಮನೆಯವರಿಗೂ ಹೇಳಿಲ್ಲ.

ಆಮೇಲಿನ ಸಂಗತಿಗಳನ್ನು ಪತ್ರಿಕೆ ಓದುವವರು ಬಲ್ಲರು. 2006ರಲ್ಲಿ ವೀಸಾದ ನಿಯಮವನ್ನು ಇದ್ದಕ್ಕಿದ್ದಂತೆ ಬದಲಾಯಿಸಿ, ಅದಾಗಲೇ ಬಂದಿದ್ದ ನಮ್ಮ ತರುಣರ ದಾರಿಯನ್ನು ಕಟ್ಟಿದರು. ಭಾರತೀಯ ಮೂಲದ ವೈದ್ಯರ ಸಂಘ ಲಾರ್ಡ್ಸ್ ನ್ಯಾಯಪೀಠದವರೆಗೆ ಹೋರಾಡಿ 2008ರಲ್ಲಿ ಗೆದ್ದಿತು. ಕುಟುಂಬ ವೈದ್ಯರ ಪರೀಕ್ಷೆಯ ಮೇಲೆ ಅದೇ ಸಂಘ ಹೂಡಿದ ಮೊಕದ್ದಮೆಯಲ್ಲಿ, 2014ರಲ್ಲಿ, ಪರೀಕ್ಷೆ ಕಾನೂನುಬದ್ಧವೆಂದೇ ತೀರ್ಪಾಯಿತು. ಆದರೂ ಸಂಘಕ್ಕೆ ನೈತಿಕ ಜಯ ದೊರೆತಿದೆಯೆಂದು ನ್ಯಾಯಾಧೀಶರು ಹೇಳಿದರು. ಆಸ್ಪತ್ರೆಗಳು ಬಿಳಿಯ ವೈದ್ಯರಿಗಿಂತ ಇತರರನ್ನು ಎರಡುಪಟ್ಟಿಗೂ ಮಿಗಿಲಾದ ಪ್ರಮಾಣದಲ್ಲಿ ಕೌನ್ಸಿಲ್ಲಿನ ವಿಚಾರಣೆಗೆ ಕಳುಹಿಸುತ್ತವೆಂದು 2019ರಲ್ಲಿ ಕೌನ್ಸಿಲ್ಲೇ ಮಾಡಿಸಿದ ಅಧ್ಯಯನ ತಿಳಿಸಿತು. 2020ರ ವಸಂತದಲ್ಲಿ ಕೋವಿಡ್ಡಿನಿಂದ ಅಲ್ಲಿ ತೀರಿಕೊಂಡ ಮೊದಲ ಹತ್ತು ಮಂದಿ ವೈದ್ಯರಲ್ಲಿ ಹತ್ತು ಮಂದಿಯೂ ಬಿಳಿಯರಲ್ಲದವರು. ಅವರ ಭಾವಚಿತ್ರಗಳನ್ನು ಪತ್ರಿಕೆ ಒಂದೇ ಪುಟದಲ್ಲಿ ಹಾಕಿತ್ತು. ನಾನು ಮೈಸೂರಿನ ಮನೆಯಲ್ಲಿ ಕುಳಿತು ಆ ಪುಟವನ್ನು ನೋಡಿದೆ. ಎಲ್ಲರ ಹೆಸರನ್ನೂ ಅಂದು ಪೂರ್ತಿಯಾಗಿ ಅಚ್ಚುಹಾಕಿದ್ದರು.

ನಿವೃತ್ತನಾಗಿ ಬಂದ ಹೊಸತರಲ್ಲಿ ಇಲ್ಲಿನ ಒಂದು ಕಾಲೇಜಿನವರು ಅಧ್ಯಾಪಕರ ನೇಮಕದ ಸಮಿತಿಗೆ ನನ್ನನ್ನು ಕರೆದಿದ್ದರು. ಪರದೇಶದಲ್ಲಿ ಇದ್ದು ಬಂದವರು, ನಿಷ್ಪಕ್ಷಪಾತಿಗಳು ಎಂದು ಪರಿಚಯ ಮಾಡಿಕೊಟ್ಟರು. ಮೊದಲನೆಯ ಅರ್ಜಿ ಮೇಜಿನ ಮೇಲೆ ಬಂದಿತು. ಪಕ್ಕದಲ್ಲಿದ್ದ ಹಿರಿಯರು ಹೆಸರನ್ನು ಎರಡು ಸಲ ಓದಿ, ಕನ್ನಡಕ ತೆಗೆದು, ನನ್ನ ಕಡೆ ಬಾಗಿ, “ಇವರು ಯಾವ ಪೈಕಿ?” ಎಂದು ಮೆಲ್ಲನೆ ಕೇಳಿದರು. ಅರ್ಹತೆಯ ಪುಟವನ್ನು ಅವರಿನ್ನೂ ತಿರುವಿರಲಿಲ್ಲ. ಇಂಗ್ಲೆಂಡಿನಲ್ಲಿ ನನ್ನ ಹೆಸರು ಏಷ್ಯದವನೆಂದಷ್ಟೇ ಹೇಳುತ್ತಿತ್ತು. ಇಲ್ಲಿ ಅದೇ ಹೆಸರು ಕುಲಗೋತ್ರಗಳನ್ನೆಲ್ಲ ಹೇಳಿಬಿಡುತ್ತದೆ. ದೆಹಲಿಯ ಅಖಿಲ ಭಾರತ ವೈದ್ಯ ವಿಜ್ಞಾನ ಸಂಸ್ಥೆಯಲ್ಲಿ ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳು ಅನುಭವಿಸುತ್ತಿದ್ದ ಭೇದವನ್ನು ಕುರಿತು ಥೋರಟ್ ಸಮಿತಿ 2007ರಲ್ಲಿ ವರದಿ ಕೊಟ್ಟಿತ್ತು. ಅದನ್ನು ನಾನು ಇಂಗ್ಲೆಂಡಿನಲ್ಲಿದ್ದಾಗಲೇ ಓದಿದ್ದೆ, ಓದಿ ಬದಿಗಿಟ್ಟಿದ್ದೆ. ಆ ಹಿರಿಯರಿಗೆ ಗೊತ್ತಿಲ್ಲವೆಂದು ಉತ್ತರಕೊಟ್ಟೆ. ಗೊತ್ತಾಗಿತ್ತು. ಅವರು ಕೇಳುವುದಕ್ಕೆ ಮೊದಲೇ ನನಗೂ ಗೊತ್ತಾಗಿಹೋಗಿತ್ತು.

ಕಳೆದ ತಿಂಗಳು ನನ್ನ ತಂಗಿಯ ಮೊಮ್ಮಗಳು ಮನೆಗೆ ಬಂದಿದ್ದಳು. ಎಂ.ಬಿ.ಬಿ.ಎಸ್. ಮುಗಿಸಿ ಇಂಗ್ಲೆಂಡಿನ ಪರೀಕ್ಷೆಗೆ ಕಟ್ಟಬೇಕೆಂದು ಕಂಪ್ಯೂಟರಿನ ಮುಂದೆ ಕುಳಿತು ನಮೂನೆ ತುಂಬುತ್ತಿದ್ದಳು. ಒಂದು ಕಡೆ ನಿಲ್ಲಿಸಿ, “ತಾತ, ಸರ್‌ನೇಮ್ ಅಂತ ಕೇಳುತ್ತೆ. ಏನು ಹಾಕಲಿ?” ಎಂದಳು. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆಯೇ ಹಾಕಮ್ಮ, ಒಂದಕ್ಷರವೂ ಬದಲಾಯಿಸಬೇಡ ಎಂದೆ. ಅವಳು ಚೀಲದಿಂದ ಪಾಸ್‌ಪೋರ್ಟು ತೆಗೆದು ಬಿಡಿಸಿ ನೋಡಿದಳು.

“ಇದರಲ್ಲಿ ಆ ಜಾಗ ಖಾಲಿ ಬಿಟ್ಟಿದ್ದಾರೆ ತಾತ.”